ಎಂಎಂ 540 ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ, ಒಂಬತ್ತು ಸಾವಿರ ಆಗಲೇ ಖರ್ಚಾಯಿತು

ಗಾಳಿಬೀಡು 540:

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ಗಾಳಿಬೀಡು ಕಡೆ ನಮ್ಮದು ಆರು ಎಕರೆ ಕಾಫಿ ತೋಟ. ಗಾಡಿ 1994ರ ಮಹೀಂದ್ರ ಎಂಎಂ 540, ಪ್ಯೂಜೋ ಡೀಸೆಲ್ ಎಂಜಿನ್. ಅಪ್ಪ ತೆಗೆದುಕೊಂಡದ್ದು. ಅವರು ಹೋದ ಮೇಲೆ ತೋಟವೂ ಜೀಪೂ ನನ್ನ ಪಾಲಿಗೆ ಬಂದವು. ಓಡಿಸಲು ಚೆನ್ನಾಗಿ ಬರುತ್ತದೆ. ಬಿಚ್ಚಿ ಜೋಡಿಸುವುದು ಅಷ್ಟು ಗೊತ್ತಿಲ್ಲ.

ತೊಂದರೆ ಏನೆಂದರೆ, ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆಗುವುದೇ ಇಲ್ಲ. ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಹಾಕಿ, ಕಾದು, ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಹಿಡಿಯುವುದಿಲ್ಲ. ಏಳೆಂಟು ಸಲ ಹೊಡೆದ ಮೇಲೆ ಕೆಮ್ಮುತ್ತಾ ಕೆಮ್ಮುತ್ತಾ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಆಮೇಲೆ ಇಡೀ ದಿನ ಏನೂ ತೊಂದರೆ ಇಲ್ಲ. ಮಧ್ಯಾಹ್ನ ಆಫ್ ಮಾಡಿ ಊಟ ಮಾಡಿ ಬಂದರೂ ಅರ್ಧ ಸೆಲ್ಫ್‌ಗೆ ಸ್ಟಾರ್ಟ್. ದೊಡ್ಡ ಏರಿನಲ್ಲಿ ಲೋಡ್ ಇದ್ದಾಗ ಮಾತ್ರ ಒಮ್ಮೊಮ್ಮೆ ಜಗ್ಗಿದ ಹಾಗೆ ಆಗುತ್ತದೆ.

ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಪೂರ್ತಿ ಜೀಪು ಶೆಡ್ಡಿನಲ್ಲೇ ಇತ್ತು. ಆ ಮಳೆಯಲ್ಲಿ ಎಲ್ಲಿಗೆ ಹೋಗುವುದು. ಅದಾದ ಮೇಲೆ ಶುರುವಾದದ್ದು ಇದು. ಒಂದು ಗ್ಯಾರೇಜಿಗೆ ಕೊಟ್ಟೆ. ನಾಲ್ಕೂ ಹೀಟರ್ ಪ್ಲಗ್ ಹೋಗಿದೆ ಎಂದರು, ಹೊಸದು ಹಾಕಿದರು. ಎರಡು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಆಮೇಲೆ ಬ್ಯಾಟರಿ ವೀಕ್ ಎಂದರು. ಹೊಸ ಬ್ಯಾಟರಿ. ಈಗ ಎಂಜಿನ್ ಒಳಗೆ ಡೀಸೆಲ್ ಚಿಮ್ಮುವ ನೊಜಲ್ ನಾಲ್ಕನ್ನೂ ಬಿಚ್ಚಬೇಕು, ಅವಕ್ಕೆ ಡೀಸೆಲ್ ಒತ್ತುವ ಪಂಪ್ ಕೂಡ ಕ್ಯಾಲಿಬ್ರೇಷನ್‌ಗೆ ಕಳಿಸಬೇಕು ಎನ್ನುತ್ತಿದ್ದಾರೆ. ಇದುವರೆಗೆ ಒಂಬತ್ತು ಸಾವಿರ ಆಯಿತು. ಇನ್ನೊಂದು ವಿಷಯ: ಜೀಪು ನನ್ನದು, ದುಡ್ಡು ನನ್ನದು, ಮೆಕ್ಯಾನಿಕ್ ಮಾತಾಡುವುದು ಮಾತ್ರ ನನ್ನ ಜೊತೆ ಬಂದ ಕೆಲಸದ ಹುಡುಗನ ಹತ್ತಿರ. ಅವನಿಗೆ ಸೈಕಲ್ ಚೈನ್ ಹಾಕಲೂ ಬರುವುದಿಲ್ಲ.

ಕುಯ್ಲು ಶುರುವಾಗಿದೆ. ಬೆಳಿಗ್ಗೆ ಏಳಕ್ಕೆ ಆಳುಗಳನ್ನು ಕರೆತರಬೇಕು. ದಿನಾ ನಾಲ್ಕು ಜನ ಸೇರಿ ತಳ್ಳುವುದು ನನಗೆ ನಾಚಿಕೆಯಾಗುತ್ತಿದೆ.

ಇನ್ನೊಂದು ಸಣ್ಣ ತಕರಾರು. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್ ವೀಲ್ ಗೇರ್ ಹಾಕಿದರೆ ಬೀಳುತ್ತದೆ, ತೆಗೆಯಲು ಹೋದರೆ ಲಿವರ್ ಅಲುಗಾಡುವುದೇ ಇಲ್ಲ. ಅದನ್ನು ಆಮೇಲೆ ನೋಡೋಣ. ಮೊದಲು ಸ್ಟಾರ್ಟಿಂಗ್.

ಪಾಲಿಬೆಟ್ಟ ತೋಟ:

ನಮ್ಮ ಹತ್ತಿರವೂ ಒಂದು ಪ್ಯೂಜೋ ಇತ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆ ಎಂಜಿನ್ ತೆಗೆದು ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಹಾಕಿಸಿ. ಇಲ್ಲದಿದ್ದರೆ ಯಾರಾದರೂ ಬೆಂಗಳೂರಿನವರಿಗೆ ಕೊಟ್ಟುಬಿಡಿ, ಹಳೇ ಜೀಪಿಗೆ ಈಗ ಒಳ್ಳೆ ರೇಟ್ ಇದೆ. ಆ ದುಡ್ಡಿಗೆ ಪಿಕಪ್ ಬರುತ್ತದೆ.

ಹಳೇ ಸ್ಪ್ಯಾನರ್, ಕುಶಾಲನಗರ:

ಅಕ್ಕ, ನೊಜಲ್ ಬಿಚ್ಚಿಸಬೇಡಿ. ಪಂಪಂತೂ ಯಾರಿಗೂ ಕೊಡಬೇಡಿ. ಮೊದಲು ನನಗೆ ಮೂರು ಪ್ರಶ್ನೆಗೆ ಉತ್ತರ ಬೇಕು.

ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರ್‌ನಲ್ಲಿ ಹೊಗೆ ಬರುತ್ತದಾ? ಬೇರೆ ಯಾರಾದರೂ ಸೆಲ್ಫ್ ಹೊಡೆಯಲಿ, ನೀವು ಹಿಂದೆ ನಿಂತು ನೋಡಿ. ಬಿಳಿ ಹೊಗೆ ಬುಸುಬುಸು ಬಂದು ಹಿಡಿಯದಿದ್ದರೆ, ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್, ಕಂಪ್ರೆಷನ್ ಅಂತ ಯೋಚಿಸಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ ಎಂದರ್ಥ. ಆಗ ನೂರು ಹೀಟರ್ ಪ್ಲಗ್ ಹಾಕಿದರೂ ಸುಖ ಇಲ್ಲ.

ಎರಡನೆಯದು, ಡೀಸೆಲ್ ಟ್ಯಾಂಕ್ ಎಲ್ಲಿದೆ? ಹಿಂದೆಯಾ, ಡ್ರೈವರ್ ಸೀಟಿನ ಕೆಳಗಾ? ತುಂಬಾ ಹಳೆಯ ಸಿಜೆ 3ಬಿ ಗಾಡಿಗಳಲ್ಲಿ ಸೀಟಿನ ಕೆಳಗೆ ಇರುತ್ತಿತ್ತು, ಅದಕ್ಕೆ ಕೇಳುತ್ತಿದ್ದೇನೆ.

ಮೂರನೆಯದೇ ಮುಖ್ಯ. ರಾತ್ರಿ ಗಾಡಿಯನ್ನು ಯಾವ ಕಡೆ ಮೂತಿ ಮಾಡಿ ನಿಲ್ಲಿಸುತ್ತೀರಿ? ಮೇಲಕ್ಕಾ, ಕೆಳಕ್ಕಾ?

ಗಾಳಿಬೀಡು 540:

ಪಾಲಿಬೆಟ್ಟದವರೇ, ಮಾರುವ ಮಾತು ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ನಮ್ಮ ಕಡೆ ರಸ್ತೆಯೇ ಇಲ್ಲದಾಗ, ಕೆಳಗಿನ ಮನೆಯ ಅಜ್ಜಿಯನ್ನು ಮೇಲಕ್ಕೆ ತಂದದ್ದು ಇದೇ ಗಾಡಿ. ನಮ್ಮ ಕೊಡಗಿನ ಆಯುಧ ಪೂಜೆ ಕೈಲ್ ಮುಹೂರ್ತದ ದಿನ ಅಪ್ಪ ಕೋವಿಗೆ ತೋಕ್ ಪೂ ಎನ್ನುವ ಹೂ ಇಟ್ಟ ಮೇಲೆ ಬಾನೆಟ್ ಮೇಲೂ ಒಂದು ಇಡುತ್ತಿದ್ದರು. ಈಗ ನಾನು ಇಡುತ್ತೇನೆ. ಪಿಕಪ್‌ಗೆ ಇಡಲು ಮನಸ್ಸು ಬರುವುದಿಲ್ಲ.

ಕುಶಾಲನಗರದ ಅಣ್ಣ, ಇವತ್ತು ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿ ನಾನು ಹಿಂದೆ ನಿಂತೆ. ಮೊದಲ ಐದು ಸಲ ಹೊಗೆ ಚೂರೂ ಇಲ್ಲ. ಆರನೆಯದಕ್ಕೆ ಸ್ವಲ್ಪ ಬಿಳಿ ಹೊಗೆ ಬಂತು. ಏಳನೆಯದಕ್ಕೆ ಹಿಡಿಯಿತು. ಟ್ಯಾಂಕ್ ಹಿಂದೆ ಇದೆ.

ಶೆಡ್ ಬರೆಗೆ (ಮಣ್ಣಿನ ದಿಬ್ಬಕ್ಕೆ) ತಾಗಿ ಇದೆ, ನೆಲ ಏರು. ಮೂತಿ ಮೇಲೆ. ನೀವು ಕೇಳಿದ ಮೇಲೆ ಒಂದು ನೆನಪಾಯಿತು. ಕಳೆದ ವಾರ ಎರಡು ರಾತ್ರಿ ಶೆಡ್ಡಿನಲ್ಲಿ ಕಾಫಿ ಮೂಟೆ ಇಟ್ಟಿದ್ದೆವು. ಜೀಪನ್ನು ಕಣದ ಪಕ್ಕ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದೆ. ಆ ಎರಡೂ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಉರುಳಿಸಲಿಲ್ಲ, ಸೆಲ್ಫ್‌ನಲ್ಲೇ. ಕಣದಲ್ಲಿ ಬಿಸಿಲು ಬೇಗ ಬೀಳುತ್ತದೆ, ಎಂಜಿನ್ ಬೆಚ್ಚಗಾಗಿರಬೇಕು ಎಂದುಕೊಂಡಿದ್ದೆ.

ಹಳೇ ಸ್ಪ್ಯಾನರ್, ಕುಶಾಲನಗರ:

ಬಿಸಿಲಲ್ಲ ಅಕ್ಕ. ಗಾಡಿ ಏರ್ ಎಳೆಯುತ್ತಿದೆ.

ಎಳನೀರಿಗೆ ಸ್ಟ್ರಾ ಹಾಕಿ, ಮೇಲಿನ ತುದಿ ಬೆರಳಲ್ಲಿ ಮುಚ್ಚಿ ಎತ್ತಿ ನೋಡಿ. ನೀರು ಸ್ಟ್ರಾ ಒಳಗೇ ನಿಲ್ಲುತ್ತದೆ. ಬೆರಳು ತೆಗೆದರೆ ಸುರ್ರನೆ ಇಳಿಯುತ್ತದೆ. ನಿಮ್ಮ ಡೀಸೆಲ್ ಪೈಪಿನ ಕಥೆಯೂ ಅಷ್ಟೇ. ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಸಣ್ಣ ತೂತು. ಮೂತಿ ಮೇಲೆ ಇದ್ದರೆ ಎಂಜಿನ್ ಎತ್ತರದಲ್ಲಿ, ಟ್ಯಾಂಕ್ ತಗ್ಗಿನಲ್ಲಿ. ರಾತ್ರಿ ಆ ತೂತಿನಲ್ಲಿ ಗಾಳಿ ಒಳಗೆ ಬಂದು ಡೀಸೆಲ್ ಪೂರ್ತಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಬೆಳಿಗ್ಗೆ ನೀವು ಸೆಲ್ಫ್ ಹೊಡೆಯುವುದು ಎಂಜಿನ್ ಸ್ಟಾರ್ಟ್ ಮಾಡಲು ಅಲ್ಲ, ಬಾವಿಯಿಂದ ನೀರು ಸೇದಿದ ಹಾಗೆ ಡೀಸೆಲ್ ಸೇದಲು. ಮಧ್ಯಾಹ್ನ ಒಂದು ಗಂಟೆಯಲ್ಲಿ ಅಷ್ಟು ಇಳಿಯುವುದಿಲ್ಲ, ಅದಕ್ಕೆ ತಕ್ಷಣ ಹಿಡಿಯುತ್ತದೆ. ಏರಿನಲ್ಲಿ ಜಗ್ಗುವುದಕ್ಕೂ ಈ ಗಾಳಿಯೇ ಕಾರಣ ಇರಬೇಕು.

ಹೀಟರ್ ಪ್ಲಗ್ ಹಾಕಿದ ಮೇಲೆ ಎರಡು ದಿನ ಸರಿ ಇತ್ತು ಎಂದಿರಲ್ಲ. ಗ್ಯಾರೇಜಿನಲ್ಲಿ ಕೈ ಪಂಪ್ (ಬೆರಳಲ್ಲಿ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪ್) ಒತ್ತಿ ಏರ್ ತೆಗೆದಿರುತ್ತಾರೆ. ಅದೂ ಅಲ್ಲದೆ ಆ ಎರಡು ದಿನ ಗಾಡಿ ಎಲ್ಲಿ ನಿಂತಿತ್ತು ನೆನಪಿಸಿಕೊಳ್ಳಿ.

ಖಚಿತ ಮಾಡಿಕೊಳ್ಳಲು ದುಡ್ಡು ಬೇಡ. ನಾಳೆ ಶೆಡ್ಡಿನಲ್ಲೇ, ಸೆಲ್ಫ್ ಮುಟ್ಟುವ ಮೊದಲು, ಕೈ ಪಂಪ್ ಒತ್ತಿ. ಮೊದಲು ಹತ್ತಿಪ್ಪತ್ತು ಸಲ ಮೆತ್ತಗೆ ಹೋಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಹೀಟರ್ ಹಾಕಿ ಸೆಲ್ಫ್ ಹೊಡೆಯಿರಿ. ಒಂದೇ ಸಲಕ್ಕೆ ಹಿಡಿದರೆ ನಾನು ಹೇಳಿದ್ದು ಸರಿ. ಮತ್ತೆ, ಒಂದು ಸೆಲ್ಫ್ ಹತ್ತು ಹದಿನೈದು ಸೆಕೆಂಡ್‌ಗಿಂತ ಜಾಸ್ತಿ ಬೇಡ. ಹೊಸ ಬ್ಯಾಟರಿ ಜೊತೆಗೆ ಸೆಲ್ಫ್ ಮೋಟಾರ್ ಕೂಡ ಸುಟ್ಟುಕೊಂಡರೆ ಆ ಗ್ಯಾರೇಜಿನವರಿಗೆ ಹಬ್ಬ.

ಗಾಳಿಬೀಡು 540:

ಅಣ್ಣ, ಹಿಡಿಯಿತು! ಹದಿನೆಂಟು ಸಲ ಮೆತ್ತಗೆ ಹೋಯಿತು, ಎಣಿಸಿದೆ. ಆಮೇಲೆ ಹೆಬ್ಬೆರಳು ನೋಯುವಷ್ಟು ಗಟ್ಟಿ. ಒಂದೇ ಸೆಲ್ಫ್. ತಳ್ಳಲು ಬಂದು ನಿಂತಿದ್ದವರು ಮುಖ ಮುಖ ನೋಡಿಕೊಂಡರು.

ಈಗ ತೂತು ಹುಡುಕುವುದು ಹೇಗೆ? ಕೆಳಗೆ ಬಗ್ಗಿ ನೋಡಿದೆ, ಎಲ್ಲೂ ಡೀಸೆಲ್ ಸೋರಿದ ಗುರುತಿಲ್ಲ. ಶೆಡ್ಡಿನ ನೆಲವೂ ಒಣ.

ಹಳೇ ಸ್ಪ್ಯಾನರ್, ಕುಶಾಲನಗರ:

ಸೋರುವುದಿಲ್ಲ, ಅದೇ ಮಜಾ. ಎಳೆಯುವ ಕಡೆಯ ತೂತು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಡೀಸೆಲ್ ಹೊರಗೆ ಬಿಡುವುದಿಲ್ಲ. ಅದಕ್ಕೇ ಎಲ್ಲರೂ ನೋಡಿ ಸರಿ ಇದೆ ಎನ್ನುತ್ತಾರೆ. ಅದರ ಗುಟ್ಟು ಅದರ ಬಾಯಿಂದಲೇ ಹೊರಡಿಸಬೇಕು. ಹೀಗೆ ಮಾಡಿ.

ಟ್ಯಾಂಕ್ ಫುಲ್ ಮಾಡಿಸಿ. ಚಾಸಿಸ್ ಪಕ್ಕ ಹೋಗುವ ಡೀಸೆಲ್ ಪೈಪನ್ನು ಟ್ಯಾಂಕಿನಿಂದ ಫಿಲ್ಟರ್‌ವರೆಗೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಮಣ್ಣು ಕಚ್ಚಿದ್ದರೆ ಹಲ್ಲುಜ್ಜುವ ಹಳೇ ಬ್ರಷ್ ತೆಗೆದುಕೊಳ್ಳಿ. ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರ್ ಉದ್ದಕ್ಕೂ ಚಿಮುಕಿಸಿ. ಗಾಡಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ, ಪೈಪ್ ತುಂಬಲಿ. ಆಮೇಲೆ ಕಣದ ಪಕ್ಕ ಮೂತಿ ಕೆಳಗೆ ಮಾಡಿ ರಾತ್ರಿ ಬಿಡಿ. ಈಗ ಟ್ಯಾಂಕ್ ಮೇಲಿದೆ, ಡೀಸೆಲ್ ಭಾರ ತೂತಿನ ಮೇಲೆ ಬೀಳುತ್ತದೆ. ಬೆಳಿಗ್ಗೆ ಟಾರ್ಚ್ ಹಿಡಿದು ಮಲಗಿ ನೋಡಿ. ಪೌಡರ್ ಎಲ್ಲಿ ಒದ್ದೆಯಾಗಿ ಕಪ್ಪಾಗಿದೆಯೋ ಅಲ್ಲಿ.

ರಬ್ಬರ್ ಪೈಪಿನ ತುದಿ, ಅದರ ಕ್ಲಿಪ್, ಫಿಲ್ಟರ್‌ಗೆ ಪೈಪ್ ಕೂರಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್, ಇವನ್ನು ಮೊದಲು ನೋಡಿ. ಒಮ್ಮೆ ಕೂತ ತಾಮ್ರದ ವಾಷರನ್ನೇ ಮತ್ತೆ ಹಾಕುವ ಚಾಳಿ ನಮ್ಮವರಿಗೆ ಜಾಸ್ತಿ.

ಪೌಡರ್‌ನಲ್ಲಿ ಗೊತ್ತಾಗದಿದ್ದರೆ ಇನ್ನೊಂದು ದಾರಿ. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಹಾಕಿ, ಫಿಲ್ಟರಿಗಿಂತ ಎತ್ತರದಲ್ಲಿ ಕಟ್ಟಿ, ಅಲ್ಲಿಂದ ನೇರವಾಗಿ ಪೈಪ್ ಕೊಡಿ. ಅದರಲ್ಲಿ ದಿನಾ ಒಂದೇ ಸೆಲ್ಫ್‌ಗೆ ಹಿಡಿದರೆ ಪಂಪ್, ನೊಜಲ್ ಎಲ್ಲ ಚೆನ್ನಾಗಿವೆ. ತಪ್ಪು ಹಿಂದಿನ ಪೈಪಿನದ್ದು.

ಮಾಂದಲಪಟ್ಟಿ ಟ್ರಿಪ್:

ಹಳೇ ಸ್ಪ್ಯಾನರ್ ಅಣ್ಣನಿಗೆ ನಮಸ್ಕಾರ. ಸ್ಟಾರ್ಟಿಂಗ್ ಅವರೇ ನೋಡಿಕೊಳ್ಳುತ್ತಾರೆ, ನಾನು ಫೋರ್ ವೀಲ್ ಬಗ್ಗೆ ಹೇಳುತ್ತೇನೆ. ಸೀಸನ್‌ನಲ್ಲಿ ದಿನಾ ಪ್ರವಾಸಿಗರನ್ನು ಕೂರಿಸಿಕೊಂಡು ಮಾಂದಲಪಟ್ಟಿ ಬೆಟ್ಟ ಹತ್ತಿಸುವುದು ನನ್ನ ಕೆಲಸ.

ಅಕ್ಕ, ನೀವು ಫೋರ್ ವೀಲ್ ಎಲ್ಲಿ ಹಾಕುತ್ತೀರಿ? ಟಾರ್ ರೋಡಿನಲ್ಲೂ ಹಾಕಿಕೊಂಡೇ ಹೋಗುತ್ತೀರಾ? ಮುಂದಿನ ಹಿಂದಿನ ಟೈರ್ ಒಂದೇ ಥರ ಇವೆಯಾ?

ಗಾಳಿಬೀಡು 540:

ತೋಟದ ಓಣಿಯಲ್ಲಿ ಹಾಕುತ್ತೇನೆ. ಮಂಜು ಜಾಸ್ತಿ ಇದ್ದರೆ ಗಾಳಿಬೀಡಿನಿಂದ ಮಡಿಕೇರಿವರೆಗೂ ಹಾಕಿಯೇ ಇಟ್ಟಿರುತ್ತೇನೆ, ಜಾರದಿರಲಿ ಅಂತ. ಟೈರ್ ಮುಂದಿನ ಎರಡು ಮಳೆಗೆ ಮೊದಲು ಹೊಸದು ಹಾಕಿಸಿದೆ. ಹಿಂದಿನದು ಸವೆದಿದೆ, ಬೋಳು ಎನ್ನುವಷ್ಟಲ್ಲ.

ಮಾಂದಲಪಟ್ಟಿ ಟ್ರಿಪ್:

ಸಿಕ್ಕಿತು ಬಿಡಿ. ಲಿವರ್‌ದು ತಪ್ಪಿಲ್ಲ.

ನಮ್ಮ ಜೀಪಿನಲ್ಲಿ ಫೋರ್ ವೀಲ್ ಹಾಕಿದರೆ ಆಕ್ಸಿಲ್ ತಿರುಗಿಸುವ ಮುಂದಿನ ಹಿಂದಿನ ಜಾಯಿಂಟ್ ರಾಡ್ ಎರಡೂ ಒಂದಕ್ಕೊಂದು ಬೀಗ ಹಾಕಿದ ಹಾಗೆ. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಉರುಳಬೇಕು. ಕೆಸರಿನಲ್ಲಿ ಆ ವ್ಯತ್ಯಾಸ ಟೈರ್ ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಟೈರ್ ಜಾರುವುದಿಲ್ಲ. ಆಗ ಒಗೆದ ಬೆಡ್‌ಶೀಟ್ ಇಬ್ಬರು ಹಿಡಿದು ಹಿಂಡುತ್ತೇವಲ್ಲ, ಹಾಗೆ ಜಾಯಿಂಟ್ ರಾಡಿನಿಂದ ಆಕ್ಸಿಲ್‌ವರೆಗೆ ಎಲ್ಲ ಮುರಿಗೆ ಬೀಳುತ್ತವೆ. ಆ ಬಿಗಿಯಲ್ಲಿ ಒಳಗಿನ ಗೇರ್ ಜಾರಿ ಹೊರಗೆ ಬರಲು ಆಗುವುದಿಲ್ಲ. ಲಿವರ್ ಕಲ್ಲಿನ ಹಾಗೆ. ಮಡಿಕೇರಿ ರಸ್ತೆಯಲ್ಲಿ ತಿರುವಿಗೇನು ಕಮ್ಮಿ.

ನಿಮ್ಮದರಲ್ಲಿ ಟೈರ್ ಬೇರೆ. ಹೊಸ ಟೈರ್ ಸ್ವಲ್ಪ ದೊಡ್ಡದು, ಸವೆದದ್ದು ಸಣ್ಣದು. ನೇರ ರಸ್ತೆಯಲ್ಲೂ ಒಂದು ಮುಂದೆ ಎಳೆಯುತ್ತದೆ, ಇನ್ನೊಂದು ಹಿಂದೆ. ನಾಲ್ಕೂ ಒಂದೇ ಥರ ಆಗುವವರೆಗೆ ಓಣಿಯಲ್ಲಿ ಮಾತ್ರ ಫೋರ್ ವೀಲ್ ಹಾಕಿ. ಮಂಜಿಗೆ ಫೋರ್ ವೀಲ್ ಔಷಧಿ ಅಲ್ಲ. ಕಣ್ಣಿಗೆ ಕಾಣದ್ದಕ್ಕೆ ಚಕ್ರ ಏನು ಮಾಡುತ್ತದೆ?

ಸಿಕ್ಕಿಕೊಂಡರೆ ಸುತ್ತಿಗೆ ಹಿಡಿಯಬೇಡಿ. ಸ್ಟೀರಿಂಗ್ ನೇರ ಮಾಡಿ, ರಿವರ್ಸ್‌ನಲ್ಲಿ ಹತ್ತು ಹದಿನೈದು ಅಡಿ ನಿಧಾನ ಹೋಗಿ. ಹೋಗುತ್ತಿರುವಾಗಲೇ ಲಿವರ್ ಮೇಲೆ ಹದವಾಗಿ ಕೈ ಇಟ್ಟಿರಿ. ಮುರಿ ಬಿಚ್ಚಿದ ಗಳಿಗೆ ತಾನೇ ಟಕ್ ಅಂತ ಬರುತ್ತದೆ. ರಸ್ತೆ ಪಕ್ಕ ಮಣ್ಣು ಇದ್ದರೆ ಒಂದು ಸಾಲು ಚಕ್ರ ಮಣ್ಣಿಗೆ ಇಳಿಸಿ, ಇನ್ನೂ ಸುಲಭ.

ಲೋ ಗೇರ್ ಹಾಕುವುದಾದರೆ ಮಾತ್ರ ಗಾಡಿ ಪೂರ್ತಿ ನಿಲ್ಲಿಸಿ ಹಾಕಿ. ಇಳಿಯುವಾಗ ಲೋ ಫಸ್ಟ್‌ನಲ್ಲಿ ಬಿಟ್ಟು ಬ್ರೇಕ್ ಮುಟ್ಟದೆ ಇಳಿಯಿರಿ. ಮಾಂದಲಪಟ್ಟಿ ಇಳಿಯುವಾಗ ಬ್ರೇಕ್ ಮೇಲೇ ನಿಂತುಕೊಂಡು ಬಂದು, ಕೆಳಗೆ ತಲುಪುವಾಗ ಡ್ರಮ್ ವಾಸನೆ ಹೊಡೆಸುವ ಹೊಸ ಹುಡುಗರನ್ನು ದಿನಾ ನೋಡುತ್ತೇನೆ.

ನೀವು ತೋಡು (ಸಣ್ಣ ಹಳ್ಳ) ದಾಟುತ್ತೀರಾ? ದಾಟುವುದಾದರೆ ಕೆಳಗೆ ಮಲಗಿದ ದಿನವೇ ಕ್ರೌನ್ ಆಯಿಲ್ (ಆಕ್ಸಿಲ್ ಮಧ್ಯದ ಗೇರಿನ ಆಯಿಲ್) ಒಮ್ಮೆ ನೋಡಿಬಿಡಿ.

ಗಾಳಿಬೀಡು 540:

ನಾಲ್ಕು ದಿನ ಆಯಿತು, ಕುಯ್ಲಿನ ಗಡಿಬಿಡಿ. ಈಗ ಕೂತು ಬರೆಯುತ್ತಿದ್ದೇನೆ.

ತೂತು ಸಿಕ್ಕಿತು. ನೀವು ಹೇಳಿದ ಹಾಗೆ ಒರೆಸಿ ಪೌಡರ್ ಹಾಕಿದೆ. ಮಗಳು ಬೈದಳು, ಅವಳ ಪೌಡರ್ ಅರ್ಧ ಡಬ್ಬ ಖಾಲಿ. ಬೆಳಿಗ್ಗೆ ಆರಕ್ಕೆ ಗೋಣಿ ಹಾಸಿಕೊಂಡು ಕೆಳಗೆ ಮಲಗಿದೆ. ರಬ್ಬರ್ ತುದಿಗಳು ಒಣ. ಫಿಲ್ಟರ್ ಹತ್ತಿರ ಒಣ. ಟ್ಯಾಂಕಿನಿಂದ ಎರಡು ಅಡಿ ಮುಂದೆ, ಕಬ್ಬಿಣದ ಪೈಪನ್ನು ಚಾಸಿಸ್‌ಗೆ ಹಿಡಿದಿಟ್ಟ ಕ್ಲಾಂಪ್ ಇದೆಯಲ್ಲ, ಅದರ ಅಂಚಿನಲ್ಲಿ ಪೌಡರ್ ಒದ್ದೆಯಾಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಉಗುರಿನಷ್ಟು ಜಾಗ. ಕ್ಲಾಂಪ್ ಬಿಚ್ಚಿದರೆ ಒಳಗೆ ಹಳೇ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆ. ಎಷ್ಟು ಮಳೆಗಾಲದ್ದೋ. ಅದನ್ನು ಕೆರೆದರೆ ಪೈಪಿನ ಮೈ ಪದರ ಪದರವಾಗಿ ಎದ್ದು ಬಂತು. ತೂತು ಕಣ್ಣಿಗೆ ಕಾಣಲಿಲ್ಲ. ಬೆರಳು ಒತ್ತಿ ತೆಗೆದರೆ ಸೂಜಿ ಮೊನೆಯಷ್ಟು ಡೀಸೆಲ್ ನಿಂತಿತ್ತು. ಈ ಸೂಜಿ ಮೊನೆಗೆ ನಾನು ಒಂಬತ್ತು ಸಾವಿರ ಕೊಟ್ಟಿದ್ದೇನೆ.

ಸದ್ಯಕ್ಕೆ ಆ ತುಂಡು ಕತ್ತರಿಸಿ ರಬ್ಬರ್ ಪೈಪ್ ಹಾಕಿ ಎರಡು ಕ್ಲಿಪ್ ಬಿಗಿದಿದ್ದೇನೆ. ನಾನೇ. ಹುಡುಗ ಟಾರ್ಚ್ ಹಿಡಿದ. ಪೂರ್ತಿ ಪೈಪ್ ಬದಲಾಯಿಸಬೇಕಾ? ಅಂಗಡಿಯವರು ತಾಮ್ರದ್ದು ಹಾಕಿ, ತುಕ್ಕು ಹಿಡಿಯುವುದಿಲ್ಲ ಎನ್ನುತ್ತಿದ್ದಾರೆ.

ಹಾಗೇ ಹಿಂದಿನ ಕ್ರೌನ್ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿದೆ. ಮೊದಲು ಬಂದದ್ದು ಆಯಿಲ್ ಅಲ್ಲ, ಎರಡು ಚಮಚದಷ್ಟು ನೀರು. ಆಮೇಲೆ ಹಾಲು ಹಾಕಿದ ಚಹಾದ ಬಣ್ಣದ ಆಯಿಲ್. ಇದೇನು ಮತ್ತೆ?

ಹಳೇ ಸ್ಪ್ಯಾನರ್, ಕುಶಾಲನಗರ:

ಭೇಷ್. ಕ್ಲಾಂಪಿನ ಒಳಗೆ ಅಂತ ನಾನೂ ಎಣಿಸಿರಲಿಲ್ಲ, ರಬ್ಬರ್ ತುದಿಯೇ ಎಂದುಕೊಂಡಿದ್ದೆ.

ಪೈಪ್ ಪೂರ್ತಿ ಬದಲಾಯಿಸಿ, ಕುಯ್ಲು ಮುಗಿದ ಮೇಲೆ ಸಾಕು. ಒಂದು ಕ್ಲಾಂಪಿನಲ್ಲಿ ತುಕ್ಕು ಹಿಡಿದಿದ್ದರೆ ಉಳಿದವೂ ಸಾಲಿನಲ್ಲಿ ಕಾಯುತ್ತಿವೆ. ತಾಮ್ರ ಬೇಡ. ಗಾಡಿ ಅದುರಿ ಅದುರಿ ತಾಮ್ರ ಪೆಡಸಾಗಿ ಸೀಳುತ್ತದೆ, ಡೀಸೆಲ್‌ಗೂ ತಾಮ್ರ ಆಗಿಬರುವುದಿಲ್ಲ, ಬೇಗ ಕೆಡಿಸುತ್ತದೆ. ಉಕ್ಕಿನದ್ದೇ ಹಾಕಿಸಿ. ಕ್ಲಾಂಪ್ ಹಾಕುವ ಜಾಗದಲ್ಲಿ ಪೈಪಿಗೆ ರಬ್ಬರ್ ತುಂಡು ಸುತ್ತಿ. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಕ್ಲಾಂಪ್ ಬಿಚ್ಚಿ ಮಣ್ಣು ತೆಗೆಯಿರಿ. ಈಗ ಹಾಕಿದ ರಬ್ಬರ್ ಡೀಸೆಲ್ ಪೈಪೇ ತಾನೆ? ತೋಟಕ್ಕೆ ನೀರು ಬಿಡುವ ಪೈಪ್ ಆದರೆ ಇವತ್ತೇ ತೆಗೆಯಿರಿ, ಡೀಸೆಲ್ ಕುಡಿದು ಉಬ್ಬಿ ಜಾರುತ್ತದೆ.

ಏರ್ ತೆಗೆಯುವಾಗ ಯಾರಾದರೂ ನೊಜಲ್ ನಟ್ ಸಡಿಲ ಮಾಡಿ ಎಂದರೆ, ಆ ಕಡೆ ಕೈ ಒಡ್ಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದು ಕಾಣುತ್ತದೆ, ಕೈ ಹೋಗುವ ಕೆಲಸ.

ಕ್ರೌನ್ ವಿಷಯ ಮಾಂದಲಪಟ್ಟಿಯವನೇ ಹೇಳಲಿ, ದಿನಾ ನೀರಿಗೆ ಇಳಿಯುವವನು.

ಮಾಂದಲಪಟ್ಟಿ ಟ್ರಿಪ್:

ಕ್ರೌನ್ ಕೂತಿರುವ ಹೌಸಿಂಗ್ ಓಡಿ ಓಡಿ ಬಿಸಿಯಾಗಿರುತ್ತದೆ. ಹಾಗೇ ತಣ್ಣನೆ ತೋಡಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಮೇಲೆ ಗಾಳಿಯಾಡಲು ಇರುವ ಸಣ್ಣ ಕಂಡಿ, ಬ್ರೀದರ್‌ನಲ್ಲಿ ಗಾಳಿ ಎಳೆದುಕೊಂಡರೆ ಏನೂ ಆಗುವುದಿಲ್ಲ. ಬ್ರೀದರ್ ಕಟ್ಟಿದ್ದರೆ ಆಯಿಲ್ ಸೀಲ್ ಸಂದಿನಲ್ಲಿ ನೀರು ಎಳೆದುಕೊಳ್ಳುತ್ತದೆ. ನೀರು ಆಯಿಲ್‌ಗಿಂತ ಭಾರ, ರಾತ್ರಿ ನಿಂತಾಗ ತಳಕ್ಕೆ ಕೂರುತ್ತದೆ. ಅದಕ್ಕೇ ಬೋಲ್ಟ್ ಬಿಚ್ಚಿದಾಗ ಮೊದಲು ನೀರು ಬಂತು.

ಆಯಿಲ್ ಪೂರ್ತಿ ಇಳಿಸಿ ಹೊಸ 90 ಗೇರ್ ಆಯಿಲ್ ಹಾಕಿ. ಅದೇ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ತುಕ್ಕು ಹಿಡಿದು ಕೂಗಲು ಶುರು ಮಾಡುತ್ತದೆ, ಆಮೇಲೆ ಕ್ರೌನ್ ಪಿನಿಯನ್. ಆ ಖರ್ಚಿನ ಮುಂದೆ ನಿಮ್ಮ ಒಂಬತ್ತು ಸಾವಿರ ಏನೂ ಅಲ್ಲ. ಮುಂದಿನ ಹೌಸಿಂಗ್ ಕೂಡ ನೋಡಿ. ಆಯಿಲ್ ಇಳಿಸುವ ಮೊದಲು ತುಂಬುವ ಬೋಲ್ಟ್ ಬಿಚ್ಚಿಕೊಳ್ಳಿ. ಕೆಳಗಿನದ್ದು ಬಿಚ್ಚಿ ಎಲ್ಲ ಇಳಿಸಿದ ಮೇಲೆ ಮೇಲಿನದ್ದು ಬರದೆ ಅತ್ತವರಿದ್ದಾರೆ. ನಾನೂ ಒಬ್ಬ.

ಬ್ರೀದರ್ ಬಿಚ್ಚಿ ಊದಿ ನೋಡಿ. ಇನ್ನು ಮೇಲೆ ತೋಡಿನ ಹತ್ತಿರ ಬಂದರೆ ಐದು ನಿಮಿಷ ನಿಲ್ಲಿಸಿ, ತಣಿಯಲಿ. ದಾಟಿದ ಮೇಲೆ ಬ್ರೇಕ್ ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಹೋಗಿ, ಡ್ರಮ್ ಒಣಗಲಿ.

ಪಾಲಿಬೆಟ್ಟ ತೋಟ:

ಒಪ್ಪಿದೆ, ಮಾರಬೇಡಿ. ಆದರೂ ಡಿಐ ಹಾಕಿಸಿದ್ದರೆ ಮೈಲೇಜ್ ಬರುತ್ತಿತ್ತು.

ಗಾಳಿಬೀಡು 540:

ಡಿಐ ಹಾಕಿಸಿದ್ದರೂ ಆ ಪೈಪ್ ಅದೇ ಪೈಪ್ ಅಲ್ವಾ?

ಬ್ರೀದರ್ ಬಿಚ್ಚಿದೆ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆ. ಸಣ್ಣದು, ಒಳ್ಳೆಮೆಣಸಿನ ಕಾಳಿನಷ್ಟು, ಅಚ್ಚುಕಟ್ಟು. ಸೂಜಿಯಲ್ಲಿ ತೆಗೆದು ಡೀಸೆಲ್‌ನಲ್ಲಿ ತೊಳೆದು ಹಾಕಿದೆ. ಮುಂದಿನ ಆಯಿಲ್ ಚೆನ್ನಾಗಿದೆ, ಹಿಂದಿನದ್ದು ಮಾತ್ರ ಬದಲಾಯಿಸಿದೆ. ರಬ್ಬರ್ ಡೀಸೆಲ್ ಪೈಪೇ, ಅಂಗಡಿಯಲ್ಲಿ ಎರಡು ಸಲ ಕೇಳಿ ತಂದದ್ದು.

ಫೋರ್ ವೀಲ್ ನಿನ್ನೆ ಬೇಕೆಂದೇ ಟಾರಿನಲ್ಲಿ ಹಾಕಿ ಎರಡು ತಿರುವು ತಿರುಗಿದೆ. ಕೂತುಬಿಟ್ಟಿತು. ರಿವರ್ಸ್ ಹೋದೆ, ಹನ್ನೆರಡು ಅಡಿ ಆಗಿರಬಹುದು, ಟಕ್. ಹಿಂದಿನ ಟೈರ್ ಫೆಬ್ರವರಿಯಲ್ಲಿ, ಕಾಫಿ ದುಡ್ಡು ಬಂದ ಮೇಲೆ.

ಇವತ್ತಿಗೆ ಮೂರು ದಿನ ಶೆಡ್ಡಿನಲ್ಲೇ, ಮೂತಿ ಮೇಲೆ. ಮೂರೂ ದಿನ ಮೊದಲ ಸೆಲ್ಫ್. ತಳ್ಳುವವರು ಇನ್ನೂ ಅಭ್ಯಾಸದಲ್ಲಿ ಬಂದು ಹಿಂದೆ ನಿಲ್ಲುತ್ತಾರೆ.